ಹಳೆಯ ದೋಣಿಗೆ ಹೊಸ ಅಂಕಿತವೆ?

ಮಾಕಳಿಯ ಮಳೆನೀರಿನಲ್ಲಿ ಕಾಗದದ ದೋಣಿ ಬಿಟ್ಟು ಬೆಳೆದವರಿಗೆ, ಆಟಿಕೆಯಂತಹ ಹಾಯಿದೋಣಿಗೂ ಕಟ್ಟುನಿಟ್ಟಾದ ನಿಯಮಗಳುಂಟೆಂದರೆ ಅಚ್ಚರಿಯಾದೀತು. ದಡದಲ್ಲಿ ನಿಂತು ರೇಡಿಯೋ ಮೂಲಕ ನಡೆಸುವ ‘ಇಂಟರ್‌ನ್ಯಾಷನಲ್ ಒನ್ ಮೀಟರ್’ ವರ್ಗವು 1988ರಲ್ಲಿ ರೂಪುಗೊಂಡಿತು. ಇದರ ಒಡಲು 1 ಮೀಟರಿಗಿಂತ ಉದ್ದವಿರಕೂಡದು. ಹಾಯಿ ಮತ್ತು ಹಾಯಿಕಂಬವನ್ನು ಬಿಟ್ಟು ತೂಕ 4 ಕಿಲೋಗ್ರಾಂಗಿಂತ ಕಡಮೆಯಿರಕೂಡದು. ಅಳೆದು ನೋಂದಾಯಿಸಿದ ದೋಣಿಗೆ ಮಾತ್ರ ಪಂದ್ಯದಲ್ಲಿ ಸ್ಥಾನ.

ಹಾಗಾದರೆ ಅಟ್ಟದ ಮೇಲೆ ಇಪ್ಪತ್ತು ವರ್ಷ ಧೂಳು ತಿಂದ ದೋಣಿಯ ಗತಿ? ಹೊಸದನ್ನು ಕೊಳ್ಳಲಾರದ ವಿದ್ಯಾರ್ಥಿಗೆ ಅದೇ ಪಂದ್ಯದ ಬಾಗಿಲು.

ಚಲಿಸುವ ದೋಣಿಯು ನೀರಿನಲ್ಲಿ ಅಲೆಯೆಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯೂ ನೀಳವಾಗುತ್ತದೆ. ಅಲೆಯ ಉದ್ದವು ದೋಣಿಯ ಉದ್ದಕ್ಕೆ ಸಮವಾದಾಗ, ದೋಣಿ ತಾನೆಬ್ಬಿಸಿದ ಅಲೆಯ ಏರನ್ನೇ ಹತ್ತಬೇಕಾಗುತ್ತದೆ. ಮುಂದಿನ ವೇಗ ಬಹು ದುಬಾರಿ. 1 ಮೀಟರ್ ದೋಣಿಗೆ ಈ ಮಿತಿ ಸೆಕೆಂಡಿಗೆ ಸುಮಾರು 1.25 ಮೀಟರ್, ಎಂದರೆ ನಮ್ಮ ನಡಿಗೆಯಷ್ಟು! ಹಳೆಯದಕ್ಕೂ ಹೊಸದಕ್ಕೂ ಇದು ಒಂದೇ. ಹೊಸ ದೋಣಿಗಳ ಒಡಲು ಕಿರಿದು, ಅಲೆಯ ತಡೆ ಕಡಮೆ. ಹಳೆಯ ಮರದ ಒಡಲಾದರೋ ನೀರು ಹೀರಿ ಭಾರವಾಗುತ್ತದೆ. ಈ ತೊಡಕೆಲ್ಲ ಹಳೆಯ ದೋಣಿಯದೇ ಹೊರತು ಎದುರಾಳಿಯದಲ್ಲ.

ಆದುದರಿಂದ ನೋಂದಾಯಿಸಬಹುದೆಂದೇ ನಮ್ಮ ಅಭಿಪ್ರಾಯ. ಆದರೆ ಹಳೆಯ ಪ್ರಮಾಣಪತ್ರವೊಂದೇ ಸಾಲದು. ತಳದ ಸೀಸದ ಗುಂಡನ್ನು ಯಾರಾದರೂ ಬದಲಿಸಿರಬಹುದು, ಹಾಯಿಯನ್ನು ಹಿಗ್ಗಿಸಿ ಹೊಲಿಸಿರಬಹುದು. ಇನ್ನೊಮ್ಮೆ ತೂಗಿ, ಅಳೆದು, ಅನಂತರವೇ ಹಾಯಿಯ ಮೇಲೆ ಸಂಖ್ಯೆ ಬರೆಯಲಿ.