ಬಿಳಿ ಹಾಳೆ, ಹಸಿರು ಹಾಳೆ

ಮಾಂಟೆನೆಗ್ರೊದಲ್ಲಿ ಯಾರನ್ನಾದರೂ ‘ಹಸಿರಿನವ’ ಎಂದರೆ ಅದು ಗಿಡಮರದ ಮಾತಲ್ಲ, ನೂರು ವರ್ಷದ ಹಳೆಯ ಜಗಳದ ಮಾತು. 1918ರ ನವೆಂಬರಿನಲ್ಲಿ ಅಲ್ಲಿ ಒಂದು ಹೊಸ ಸಭೆಗೆ ನಿಂತ ಅಭ್ಯರ್ಥಿಗಳ ಪಟ್ಟಿಯನ್ನು ಎರಡು ಬಣ್ಣದ ಹಾಳೆಗಳಲ್ಲಿ ಅಚ್ಚು ಹಾಕಿಸಿದ್ದರು. ಸೆರ್ಬಿಯಾದ ಜೊತೆ ಯಾವ ಷರತ್ತೂ ಇಲ್ಲದೆ ಸೇರಿಬಿಡೋಣ ಎನ್ನುವವರದು ಬಿಳಿ. ಸೇರುವುದಾದರೆ ಸರಿಸಮನಾಗಿ ಸೇರೋಣ, ನಮ್ಮ ನಾಡಿನ ಹೆಸರು ಅಳಿಯಬಾರದು ಎನ್ನುವವರದು ಹಸಿರು. ಆ ಕಾಗದದ ಬಣ್ಣವೇ ಎರಡು ಬಣಗಳಿಗೂ ಹೆಸರಾಗಿ ನಿಂತಿತು.

ಈ ಕಥೆ ನನ್ನನ್ನು ಕಾಡುವುದು ಅಲ್ಲಿನ ರಾಜ ನಿಕೋಲಾನ ಕಾರಣಕ್ಕೆ. 1860ರಲ್ಲಿ ಚಿಕ್ಕಪ್ಪ ದಾನಿಲೋ ಕೊಲೆಯಾದಾಗ ಹದಿನೆಂಟರ ಹುಡುಗ ಪಟ್ಟಕ್ಕೆ ಬಂದ. ತುರ್ಕರೊಡನೆ ಕಾದಾಡಿದ, ಪದ್ಯ ಬರೆದ, 1910ರಲ್ಲಿ ದೊರೆತನವನ್ನು ರಾಜ್ಯವೆಂದು ಸಾರಿದ. ಒಂಬತ್ತು ಹೆಣ್ಣು, ಮೂರು ಗಂಡು ಮಕ್ಕಳು. ಇಬ್ಬರು ಹೆಣ್ಣುಮಕ್ಕಳು ರಷ್ಯಾದ ರಾಜಮನೆತನಕ್ಕೆ ಸೊಸೆಯರಾಗಿ ಹೋದರು; ಎಲೆನಾ ಇಟಲಿಯ ರಾಣಿಯಾದಳು. ಜನ ಅವನನ್ನು ‘ಯೂರೋಪಿನ ಮಾವ’ ಎಂದೇ ಕರೆದರು. ಹಿರಿಮಗಳು ಜೋರ್ಕಾಳನ್ನು ಕೊಟ್ಟದ್ದು, ಆಗ ದೇಶಬಿಟ್ಟು ಅಲೆಯುತ್ತಿದ್ದ ಸೆರ್ಬಿಯಾದ ಪೀಟರನಿಗೆ. ಅವರ ಮಗ ಅಲೆಕ್ಸಾಂಡರ್ ಹುಟ್ಟಿದ್ದು ತಾತನ ಊರು ಸೆಟಿನ್ಯೆಯಲ್ಲೇ, 1888ರಲ್ಲಿ. ಹೆರಿಗೆಗೆ ತವರಿನ ಮನೆಯೇ ಆಸರೆಯಾಗಿತ್ತು.

ಜೋರ್ಕಾ 1890ರಲ್ಲೇ ತೀರಿಕೊಂಡಳು. 1903ರಲ್ಲಿ ಅಳಿಯ ಸೆರ್ಬಿಯಾದ ರಾಜನಾದ. ಮಹಾಯುದ್ಧದಲ್ಲಿ, 1916ರ ಜನವರಿಯಲ್ಲಿ, ಆಸ್ಟ್ರಿಯಾದ ಸೇನೆ ನಾಡನ್ನು ಹಿಡಿದಾಗ ನಿಕೋಲಾ ಮೊದಲು ಇಟಲಿಗೆ, ಆಮೇಲೆ ಫ್ರಾನ್ಸಿಗೆ ಹೋದ. ಮತ್ತೆ ಸೆಟಿನ್ಯೆಯ ಕೆಂಪು ಗೋಡೆಯ ಅರಮನೆಗೆ ಕಾಲಿಡಲಿಲ್ಲ.

ಯುದ್ಧ ಮುಗಿದಾಗ ಸೆರ್ಬಿಯಾದ ಆಡಳಿತ ಮೊಮ್ಮಗ ಅಲೆಕ್ಸಾಂಡರನ ಕೈಯಲ್ಲಿತ್ತು, ಮಾಂಟೆನೆಗ್ರೊದ ನೆಲದಲ್ಲಿ ಸೆರ್ಬಿಯಾದ ಸೈನಿಕರಿದ್ದರು. ನಾಡಿಗೊಂದು ಸಂಸತ್ತಿದ್ದರೂ ಅದನ್ನು ಬದಿಗಿಟ್ಟು, ರಾಜಧಾನಿ ಸೆಟಿನ್ಯೆಯನ್ನೂ ಬಿಟ್ಟು, ಪೊದ್ಗೊರಿಚಾದಲ್ಲಿ ಆ ಹೊಸ ಸಭೆ ಕೂಡಿಸಿದರು. ನವೆಂಬರ್ 26ರಂದು ಆ ಸಭೆ ನಿಕೋಲಾನನ್ನು ಪಟ್ಟದಿಂದ ಇಳಿಸಿತು, ನಾಡನ್ನು ಸೆರ್ಬಿಯಾಕ್ಕೆ ಸೇರಿಸಿತು. ಒಂದಾಗಬೇಕೆಂಬ ಆಸೆ ಆ ಜನರಲ್ಲಿ ನಿಜವಾಗಿಯೂ ಇತ್ತು. ಆದರೆ ಸೈನ್ಯದ ಕಾವಲಿನಲ್ಲಿ, ಅವಸರದಲ್ಲಿ ಮುಗಿಸಿದ ಆ ಕೆಲಸವನ್ನು ಜನಮತವೆಂದು ಒಪ್ಪಲು ನನ್ನ ಮನಸ್ಸು ಬಾರದು. ಮಗಳ ಮಗನ ಹೆಸರಿನಲ್ಲೇ ಮುದುಕನ ಮನೆ ಕೈತಪ್ಪಿತು.

1919ರ ಜನವರಿಯಲ್ಲಿ, ಆರ್ಥೊಡಾಕ್ಸ್ ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ, ಹಸಿರಿನವರು ಬಂದೂಕು ಹಿಡಿದು ಸೆಟಿನ್ಯೆಯನ್ನು ಮುತ್ತಿದರು, ಸೋತರು. ಕೆಲವರು ವರ್ಷಗಟ್ಟಲೆ ಬೆಟ್ಟಗಳಲ್ಲಿದ್ದುಕೊಂಡೇ ಹೋರಾಡಿದರು. ನಿಕೋಲಾ 1921ರ ಮಾರ್ಚ್ 1ರಂದು ಫ್ರಾನ್ಸಿನಲ್ಲಿ ಕಣ್ಣುಮುಚ್ಚಿದ. ಇಟಲಿಯ ಸಾನ್ ರೆಮೋದಲ್ಲಿ, ರಷ್ಯನ್ನರ ಚರ್ಚಿನಲ್ಲಿ, ಅವನನ್ನು ಮಣ್ಣುಮಾಡಿದರು.

ಆಮೇಲಿನದು ಸೆರ್ಬಿಯಾ, ಮಾಂಟೆನೆಗ್ರೊಗಳನ್ನು ಒಳಗೊಂಡ ಯುಗೊಸ್ಲಾವಿಯಾದ ಕಥೆ: ಮೊದಲು ಅಲೆಕ್ಸಾಂಡರನದು, ಆಮೇಲೆ ಕಮ್ಯುನಿಸ್ಟ್ ನಾಯಕ ಟಿಟೋನದು. ಅದೂ ಕುಸಿಯುವ ಹೊತ್ತಿಗೆ, 1989ರ ಅಕ್ಟೋಬರಿನಲ್ಲಿ, ನಿಕೋಲಾನ ಅಸ್ಥಿಯನ್ನು ಸೆಟಿನ್ಯೆಗೆ ತಂದರು.

2006ರ ಮೇ 21ರಂದು ಸೆರ್ಬಿಯಾದಿಂದ ಪ್ರತ್ಯೇಕವಾಗಬೇಕೇ ಎಂದು ನೇರವಾಗಿ ಜನರನ್ನೇ ಕೇಳಿದರು. ಬೇಕಿದ್ದುದು ಶೇ 55, ಬಂದದ್ದು ಶೇ 55.5. ಜೂನ್ 3ರಂದು ಮಾಂಟೆನೆಗ್ರೊ ಮತ್ತೆ ಸ್ವತಂತ್ರ ದೇಶವಾಯಿತು.