ಕೊಳವೆ ಎತ್ತದೆ ಕೈಪಂಪು ದುರಸ್ತಿ

ಮಕ್ಕಳೇ, ಶಾಲೆಯ ಅಂಗಳದಲ್ಲೋ ಊರ ಮುಂದಿನ ಕಟ್ಟೆಯ ಬಳಿಯೋ ಇರುವ ಕೊಳವೆ ಬಾವಿಯ ಕೈಪಂಪನ್ನು ನೀವು ನೋಡಿರುತ್ತೀರಿ. ಕೆಲವರು ಅದನ್ನು ಬೋರಿಂಗು ಎಂದೂ ಕರೆಯುತ್ತಾರೆ. ನಲ್ಲಿ ನೀರು ಬಂದ ಊರುಗಳಲ್ಲಿ ಅದು ಈಗ ಸುಮ್ಮನೆ ನಿಂತಿರಲೂಬಹುದು. ಅದರ ತಲೆಯಂಥ ಪೆಟ್ಟಿಗೆಯೊಳಗೆ ಏನಿದೆ ಗೊತ್ತೇ? ಒಂದು ತುಂಡು ಸರಪಳಿ! ನೋಡಲು ಸೈಕಲ್ ಚೈನಿನಂತೆಯೇ, ಸ್ವಲ್ಪ ದಪ್ಪ. ನೀರೆತ್ತುವ ಪಂಪಿಗೆ ಸರಪಳಿ ಏಕೆ ಬೇಕಾಯಿತು?

1960ರ ದಶಕದಲ್ಲಿ ನಮ್ಮ ದೇಶದ ಅನೇಕ ಕಡೆ ಬರ ಬಿತ್ತು. ಬಂಡೆ ಕೊರೆಯುವ ಯಂತ್ರಗಳನ್ನು ತಂದು ಹಳ್ಳಿಹಳ್ಳಿಗಳಲ್ಲಿ ಕೊಳವೆ ಬಾವಿ ತೆಗೆದರು. ಅವುಗಳ ಮೇಲೆ ಕೂರಿಸಿದ್ದು ಬೀಡು ಕಬ್ಬಿಣದ ಪಂಪುಗಳನ್ನು. ಒಂದು ಮನೆಯವರು ದಿನಕ್ಕೆ ನಾಲ್ಕಾರು ಸಲ ಬಳಸಲೆಂದು ರೂಪಿಸಿದ ಪಂಪುಗಳವು. ನಮ್ಮಲ್ಲಾದರೋ ಇಡೀ ಊರು ಕೊಡ ಹಿಡಿದು ಸಾಲಾಗಿ ನಿಂತಿತು! ಬೆಳಗಿನಿಂದ ಸಂಜೆಯವರೆಗೆ ಹಿಡಿಗೆ ಬಿಡುವೇ ಇಲ್ಲ. 1970ರ ದಶಕದ ನಡುವೆ ಸಮೀಕ್ಷೆ ಮಾಡಿ ನೋಡಿದಾಗ ನಾಲ್ಕು ಪಂಪುಗಳಲ್ಲಿ ಮೂರು ಕೆಟ್ಟು ನಿಂತಿದ್ದವು. ಪಂಪು ಕೆಟ್ಟರೆ ಜನ ಮತ್ತೆ ಹಳ್ಳದ, ಕುಂಟೆಯ ನೀರಿಗೇ ಹೋಗಬೇಕು. ಅದರೊಂದಿಗೆ ವಾಂತಿಭೇದಿಯೂ ಮನೆಗೆ ಬರುತ್ತದೆ.

ಮುರಿದ ಭಾಗ ತೆಗೆದು ಅಂಥದ್ದೇ ಹೊಸದನ್ನು ಹಾಕಿದರೆ ಆಗದೇ? ಹಾಕಿದರು. ಅದೂ ಅದೇ ಜಾಗದಲ್ಲಿ ಮುರಿಯಿತು. ಆಗ ಕೇಳಬೇಕಾದ ಪ್ರಶ್ನೆಯೇ ಬೇರೆ: ಅಲ್ಲೇ ಏಕೆ ಮುರಿಯುತ್ತದೆ?

ನೀವೇ ಪರೀಕ್ಷಿಸಿ. ಒಂದು ಸ್ಕೇಲಿನ ನಡುವೆ ಪೆನ್ಸಿಲ್ ಆನಿಸಿ ಏತದಂತೆ ಆಡಿಸಿ. ಸ್ಕೇಲಿನ ತುದಿ ನೇರವಾಗಿ ಮೇಲೆ ಕೆಳಗೆ ಹೋಗುವುದಿಲ್ಲ, ಕಮಾನಿನಂತೆ ಬಾಗಿ ಹೋಗುತ್ತದೆ. ಬಾವಿಯೊಳಗಿನ ಸರಳಾದರೋ ನೇರವಾಗಿಯೇ ಚಲಿಸಬೇಕು. ಎರಡನ್ನೂ ಬೋಲ್ಟಿನಿಂದ ಜೋಡಿಸಿದರೆ ಪ್ರತಿ ಸಲವೂ ಸರಳು ಅತ್ತಿತ್ತ ಎಳೆದಾಡುತ್ತದೆ. ಬೋಲ್ಟಿನ ತೂತು ಸವೆದು ಅಗಲವಾಗುತ್ತದೆ, ಕೊನೆಗೆ ಬೀಡು ಒಡೆಯುತ್ತದೆ.

ಇದಕ್ಕೆ ಉಪಾಯ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ ಹೊಳೆಯಿತು. ಹಿಡಿಯ ಮುಂದಿನ ತುದಿಗೆ ಕಾಲು ಚಕ್ರದಂಥ ಬಾಗಿದ ಕಬ್ಬಿಣ ಕೂರಿಸಿ, ಅದರ ಮೈಮೇಲೆ ಸರಪಳಿ ಹಾಯಿಸಿ, ಸರಪಳಿಯ ತುದಿಗೆ ಸರಳು ಕಟ್ಟಿದರು. ಹಿಡಿ ಎಷ್ಟೇ ಬಾಗಲಿ, ಸರಪಳಿ ಮಾತ್ರ ಬಾವಿಯ ನಟ್ಟನಡುವೆ ನೇರವಾಗಿಯೇ ಇಳಿಯುತ್ತದೆ. ಹಿಡಿ ತಿರುಗುವಲ್ಲಿ ಬಾಲ್ ಬೇರಿಂಗ್ ಇಟ್ಟರು. ಬೀಡಿನ ಬದಲು ಉಕ್ಕು ಬಳಸಿದರು. ಈ ಪಂಪನ್ನೇ ತಿದ್ದಿ ತೀಡಿ 'ಇಂಡಿಯಾ ಮಾರ್ಕ್ 2' ರೂಪಿಸಿದರು. 1970ರ ದಶಕದ ಕೊನೆಯ ವೇಳೆಗೆ ಯುನಿಸೆಫ್ ನೆರವಿನಿಂದ ಮದ್ರಾಸಿನ (ಈಗಿನ ಚೆನ್ನೈ) ಕಾರ್ಖಾನೆಯಲ್ಲಿ ಅದು ತಯಾರಾಗತೊಡಗಿತು. ಮುಂದೆ ಆಫ್ರಿಕಾದ ಹಳ್ಳಿಗಳಿಗೂ ಹೋಯಿತು.

ತಲೆ ಗಟ್ಟಿಯಾಯಿತು. ಆದರೆ ತೊಂದರೆ ಈಗ ನೆಲದೊಳಗೆ! ಬಾವಿಯ ಆಳದಲ್ಲಿ ನೀರು ಎತ್ತುವ ಕೊಂತಕ್ಕೆ ಬಟ್ಟಲಿನಾಕಾರದ ಚರ್ಮದ ವಾಷರ್ ಇರುತ್ತಿತ್ತು. ಅದು ಸವೆದರೆ ನೀರು ಸೋರಿ ಕೆಳಗಿಳಿಯುತ್ತದೆ. ಕೆಲವೇ ರೂಪಾಯಿಯ ವಾಷರ್. ಬದಲಿಸಬೇಕಾದರೆ ಮಾತ್ರ ಬಾವಿಯೊಳಗಿನ ಕೊಳವೆಗಳನ್ನೆಲ್ಲ ಮೇಲಕ್ಕೆತ್ತಬೇಕು. ಮೂರು ಮೀಟರ್ ಉದ್ದದ ಒಂದು ಕೊಳವೆ ಒಂಬತ್ತು ಹತ್ತು ಕಿಲೋ ತೂಗುತ್ತದೆ. ಮೂವತ್ತು ಮೀಟರ್ ಆಳಕ್ಕೆ ಎಷ್ಟು ಕೊಳವೆ, ಎಷ್ಟು ತೂಕ? ಲೆಕ್ಕ ಹಾಕಿ. ಸರಳುಗಳ ಭಾರ ಬೇರೆ. ಇದಕ್ಕೆ ವಾಹನ, ವಿಶೇಷ ಸಲಕರಣೆ, ನಾಲ್ಕಾರು ಜನರ ತಂಡ ಬೇಕು. ತಂಡ ಬರುವವರೆಗೆ ಊರು ಕಾಯಬೇಕು.

1980ರ ದಶಕದಲ್ಲಿ ಕೊಯಮತ್ತೂರಿನ ಸುತ್ತಲ ಹಳ್ಳಿಗಳಲ್ಲಿ ಪಂಪುಗಳನ್ನು ವರ್ಷಗಟ್ಟಲೆ ಗಮನಿಸಿ ಇದಕ್ಕೂ ದಾರಿ ಹುಡುಕಿದರು. ಹಳೆಯದರಲ್ಲಿ ಕೊಳವೆ ಕಿರಿದು, ಕೊಂತ ದಪ್ಪ. ಹಾಗಾಗಿ ಕೊಂತ ಕೊಳವೆಯೊಳಗಿಂದ ಮೇಲೆ ಬರಲಾರದು. ಸೀಸೆಯ ಬಾಯಿಗಿಂತ ದೊಡ್ಡ ಗೋಲಿಯಂತೆ. ಹಾಗಾದರೆ ಸೀಸೆಯ ಬಾಯನ್ನೇ ಅಗಲ ಮಾಡಿದರೆ? 32 ಮಿಲಿಮೀಟರ್ ಕೊಳವೆಯ ಜಾಗಕ್ಕೆ 65 ಮಿಲಿಮೀಟರಿನದು ಬಂತು. ಈಗ ಸರಳುಗಳನ್ನು ಮಾತ್ರ ಎಳೆದರೆ ಸಾಕು, ಕೊಂತ ಮೇಲೆ ಬರುತ್ತದೆ. ತಳದ ಕವಾಟವನ್ನೂ ಹಾಗೆಯೇ ತೆಗೆಯಬಹುದು. ಕೊಳವೆ ಇದ್ದಲ್ಲೇ ಇರುತ್ತದೆ. ಚರ್ಮದ ಬದಲು ಹೆಚ್ಚು ಬಾಳುವ ನೈಟ್ರೈಲ್ ರಬ್ಬರಿನ ವಾಷರ್ ಬಂತು. ಇದೇ 'ಇಂಡಿಯಾ ಮಾರ್ಕ್ 3'. ತರಬೇತಿ ಪಡೆದ ಊರಿನವರೇ ಕೆಲವು ಸಲಕರಣೆಗಳಿಂದ ಇದನ್ನು ದುರಸ್ತಿ ಮಾಡಬಹುದು.

ಹಾಗಿದ್ದರೂ ಎಲ್ಲ ಕಡೆ ಮಾರ್ಕ್ 3 ಏಕೆ ಬರಲಿಲ್ಲ? ಅಗಲ ಕೊಳವೆ ಸುಮಾರು ಎರಡರಷ್ಟು ಭಾರ, ಬೆಲೆಯೂ ಹೆಚ್ಚು. ಆಳ ಕಡಿಮೆ ಇರುವ ಬಾವಿಯಲ್ಲಿ ಇನ್ನೊಂದು ತಕರಾರು. ಸರಪಳಿ ಎಳೆಯಬಲ್ಲದು, ತಳ್ಳಲಾರದು. ಕೊಂತ ಕೆಳಗಿಳಿಯಬೇಕಾದರೆ ಸರಳುಗಳ ಭಾರವೇ ಅದನ್ನು ಇಳಿಸಬೇಕು. ಆಳವಿಲ್ಲದ ಬಾವಿಯಲ್ಲಿ ಸರಳು ಕಡಿಮೆ, ಭಾರವೂ ಕಡಿಮೆ. ಬಿಗಿಯಾದ ವಾಷರ್ ಇದ್ದರೆ ಕೊಂತ ಅಲ್ಲೇ ತಡೆದು ನಿಲ್ಲುತ್ತದೆ.

ನಿಮ್ಮೂರಿನ ಕೈಪಂಪು ಇನ್ನೂ ನಡೆಯುತ್ತಿದ್ದರೆ ಒಂದು ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ. ಎಷ್ಟು ಸಲ ಒತ್ತಿದ ಮೇಲೆ ನೀರು ಬಂತು ಎಂದು ಎಣಿಸಿ. ಮಧ್ಯಾಹ್ನ ಇನ್ನೊಮ್ಮೆ ಎಣಿಸಿ. ಬೆಳಿಗ್ಗೆ ಮಾತ್ರ ಬಹಳ ಒತ್ತಬೇಕಾದರೆ, ಕೊಳವೆಯ ನೀರು ರಾತ್ರಿ ಸೋರಿಹೋಗಿದೆ ಎಂದರ್ಥ. ತಳದ ಕವಾಟವನ್ನೋ ಕೊಳವೆಯ ಕೂಡುಗಳನ್ನೋ ನೋಡಿಸಬೇಕು. ಬಾವಿಯಲ್ಲಿ ನೀರಿದ್ದೂ ಇಡೀ ದಿನ ಒತ್ತಿದಷ್ಟೂ ಸಣ್ಣಗೆ ಬರುತ್ತಿದ್ದರೆ ವಾಷರ್ ಸವೆದಿರಬಹುದು. ಈ ಎಣಿಕೆಯನ್ನು ಬರೆದಿಟ್ಟು, ಪಂಪು ರಿಪೇರಿಗೆ ಬರುವವರಿಗೆ ತೋರಿಸಿ.