ಮೊದಲು ಮುಖಕ್ಕೊಪ್ಪುವ ಮಾಸ್ಕ್

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ನೀರಿಗಿಳಿದು ಹವಳ, ಮೀನುಗಳನ್ನು ಕಂಡವರಲ್ಲಿ ಅನೇಕರು ಮರಳಿದ ಕೂಡಲೇ ಸ್ವಂತ ಸಲಕರಣೆ ಕೊಳ್ಳಲು ಹೊರಡುತ್ತಾರೆ. ಮಾಸ್ಕ್, ಸ್ನಾರ್ಕೆಲ್, ಫಿನ್, ರೆಗ್ಯುಲೇಟರ್ ಎಂದು ಪಟ್ಟಿ ಉದ್ದವಿದೆ. ಇವುಗಳಲ್ಲಿ ಮೊದಲು ಹಣ ಹಾಕಬೇಕಾದದ್ದು ಮಾಸ್ಕಿಗೆ.

ಕಾರಣ ನಮ್ಮ ಕಣ್ಣಿನಲ್ಲೇ ಇದೆ. ಬೆಳಕನ್ನು ಬಾಗಿಸಿ ಚಿತ್ರ ಮೂಡಿಸುವ ಕೆಲಸದ ಹೆಚ್ಚಿನ ಪಾಲು ಕಣ್ಣಿನ ಮುಂಪರೆ ಕಾರ್ನಿಯಾದ್ದು. ನೀರಿನ ವಕ್ರೀಭವನ ಸೂಚ್ಯಂಕ 1.33, ಕಾರ್ನಿಯಾದ್ದೂ ಅದಕ್ಕೆ ತೀರ ಹತ್ತಿರ. ಹಾಗಾಗಿ ನೀರಿನಲ್ಲಿ ಕಾರ್ನಿಯಾ ಬೆಳಕನ್ನು ಬಾಗಿಸುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡು, ಬರಿಗಣ್ಣಿಗೆ ಎಲ್ಲವೂ ಮಸುಕು. ಮಾಸ್ಕ್ ಕಣ್ಣಿನ ಮುಂದೆ ಗಾಳಿಯ ಪದರವೊಂದನ್ನು ಇಟ್ಟು ಆ ಶಕ್ತಿಯನ್ನು ಮರಳಿ ಕೊಡುತ್ತದೆ. ಆದರೂ ಮೀನು ಸುಮಾರು ಕಾಲುಭಾಗ ಹತ್ತಿರ, ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ.

ಈಜುಕೊಳದ ಕನ್ನಡಕ ಇಲ್ಲಿ ಸಲ್ಲದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿ, ಒಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮಾಸ್ಕಿನಲ್ಲಿ ಮೂಗೂ ಒಳಗಿರುವುದರಿಂದ ಮೆಲ್ಲನೆ ಉಸಿರು ಬಿಟ್ಟು ಆ ಕೊರತೆ ತುಂಬಬಹುದು. ಕನ್ನಡಕದಲ್ಲಿ ಆ ದಾರಿಯಿಲ್ಲ; ಅದು ಕಣ್ಣನ್ನೇ ಹೀರಿ ರಕ್ತನಾಳ ಒಡೆಯಬಹುದು.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ಪಟ್ಟಿ ಹಾಕಿಕೊಳ್ಳದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ತುಸು ಉಸಿರೆಳೆದು ಕೈಬಿಡಿ. ಉಸಿರು ಹಿಡಿದಿರುವಷ್ಟು ಹೊತ್ತು ಅದು ಕಚ್ಚಿ ನಿಂತರೆ ನಿಮ್ಮ ಮುಖದ್ದೇ. ಅಂಚಿಗೆ ಕೂದಲು ಸಿಕ್ಕಿದ್ದರೆ, ಮೀಸೆ ದಪ್ಪವಿದ್ದರೆ ನೀರು ಒಸರುತ್ತದೆ. ಅಂಚು ಮೃದು ಸಿಲಿಕೋನಿನದು, ಗಾಜು ಟೆಂಪರ್ಡ್ ಆಗಿರಲಿ. ಕನ್ನಡಕ ಬಳಸುವವರಿಗೆ ಪವರ್ ಇರುವ ಗಾಜೂ ಸಿಗುತ್ತದೆ.

ಉಸಿರಾಟದ ಕೊಳವೆಯಾದ ಸ್ನಾರ್ಕೆಲ್ ಸುಮಾರು 40 ಸೆಂ.ಮೀ. ಮೀರಬಾರದು. ಉದ್ದದ ಕೊಳವೆಯಿದ್ದರೆ ಇನ್ನೂ ಆಳಕ್ಕೆ ಹೋಗಬಹುದೆಂಬ ಎಣಿಕೆ ಅಪಾಯಕಾರಿ. ಒಂದು ಮೀಟರ್ ಆಳದಲ್ಲೇ ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಂ ನೀರಿನ ಭಾರ ಬೀಳುತ್ತದೆ. ಅದನ್ನು ತಳ್ಳಿ ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ಉಸಿರಾಟದ ಸ್ನಾಯುಗಳು ಸೋಲುತ್ತವೆ. ಮೇಲಾಗಿ, ಬಿಟ್ಟ ಉಸಿರು ಕೊಳವೆಯಲ್ಲೇ ಉಳಿದು ಇಂಗಾಲದ ಡೈ ಆಕ್ಸೈಡ್ ಮತ್ತೆ ಒಳಸೇರುತ್ತದೆ. ಇಡೀ ಮುಖ ಮುಚ್ಚುವ ಸ್ನಾರ್ಕೆಲ್ ಮಾಸ್ಕ್ ತೊಟ್ಟು ಆಳಕ್ಕೆ ಇಳಿಯಲೇಬಾರದು. ಮೂಗು ಹಿಡಿದು ಕಿವಿಯ ಒತ್ತಡ ಸರಿಪಡಿಸಿಕೊಳ್ಳಲು ಬಹುತೇಕ ಮಾದರಿಗಳಲ್ಲಿ ಆಗದು.

ಈಜಲು ಕಾಲಿಗೆ ತೊಡುವ ಫಿನ್‌ನಲ್ಲಿ ಹಿಮ್ಮಡಿ ಜಾರಬಾರದು, ಬೆರಳು ಮುದುಡಬಾರದು. ದೋಣಿಯಿಂದಲೇ ಇಳಿಯುವವರಿಗೆ ಪೂರ್ತಿ ಪಾದದ ಫಿನ್ ಸಾಕು. ಬಂಡೆಗಳ ದಡದಿಂದ ಇಳಿಯುವವರಿಗೆ ಬೂಟಿನ ಮೇಲೆ ತೊಡುವಂಥದು ಮೇಲು.

ಆಳಕ್ಕೆ ಹೋದಾಗ ಗಾಳಿಯೂ ಸುತ್ತಲಿನ ನೀರಿನಷ್ಟೇ ಒತ್ತಡದಲ್ಲಿ ಸಿಗಬೇಕು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಅಕ್ವಾಲಂಗ್ ಎಂಬ ಉಸಿರಾಟದ ಸಲಕರಣೆ ಇದನ್ನೇ ಸಾಧಿಸಿತು. ಇಂದಿನ ರೆಗ್ಯುಲೇಟರ್ ಸಿಲಿಂಡರಿನ ಸುಮಾರು 200 ಬಾರ್ ಒತ್ತಡವನ್ನು ಎರಡು ಹಂತಗಳಲ್ಲಿ ಇಳಿಸಿ, ಉಸಿರೆಳೆದಾಗ ಮಾತ್ರ ಗಾಳಿ ಬಿಡುತ್ತದೆ. ಜೀವವೇ ಅದರ ಮೇಲೆ ನಿಂತಿರುವುದರಿಂದ ಕಾಲಕಾಲಕ್ಕೆ ತಜ್ಞರಿಂದ ಸರ್ವೀಸ್ ಆಗಲೇಬೇಕು.

ಆದ್ದರಿಂದ ಹೊಸಬರು ಮಾಸ್ಕನ್ನು ಸ್ವಂತಕ್ಕೆ ಕೊಳ್ಳಿ, ರೆಗ್ಯುಲೇಟರನ್ನು ಬಾಡಿಗೆಗೆ ಪಡೆಯಿರಿ. ಉಳಿದ ಹಣವನ್ನು ಒಳ್ಳೆಯ ತರಬೇತಿಗೆ ಹಾಕಿ. ತರಬೇತಿಯಿಲ್ಲದೆ ಯಾವ ಸಲಕರಣೆಯೂ ನಿಮ್ಮನ್ನು ಕಾಯಲಾರದು.